ಮಗನ ವರದಿಯಲ್ಲಿ ‘ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ’ ಎಂದಿದೆ: ಇದು ಬುದ್ಧಿಮಾಂದ್ಯವೇ?

ಪ್ರಶ್ನೆ (ಮಗುವಿನ ತಾಯಿ):
ಮಗನಿಗೆ ಮೂರು ವರ್ಷ ತುಂಬಿದೆ. ನಡೆಯಲು ಕಲಿತದ್ದೇ ತಡ. ಎರಡು ಪದ ಜೋಡಿಸಿ ಇನ್ನೂ ಮಾತನಾಡುವುದಿಲ್ಲ. ವೈದ್ಯರು ವರದಿಯಲ್ಲಿ ‘ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ’ ಎಂದು ಬರೆದಿದ್ದಾರೆ. ಬಂಧುಗಳೊಬ್ಬರು ಬುದ್ಧಿಮಾಂದ್ಯ ಎಂದರೆ ಇದೇ ಎಂದರು, ಇನ್ನೊಬ್ಬರು ಆಟಿಸಂ ಎಂದರು. ತಡವಾಗಿ ಮಾತು ಬರುವ ಮಕ್ಕಳು ಎಷ್ಟಿಲ್ಲ, ಸುಮ್ಮನಿರು ಎನ್ನುತ್ತಾರೆ ಅತ್ತೆ. ಯಾರ ಮಾತು ನಂಬಲಿ? ಈಗಲೇ ಐಕ್ಯೂ ಪರೀಕ್ಷೆ ಮಾಡಿಸಬೇಕೇ?

ಉತ್ತರ (ವಿಶೇಷ ಶಿಕ್ಷಕಿ):
ಮೂವರ ಮಾತನ್ನೂ ಸದ್ಯಕ್ಕೆ ಬದಿಗಿಡಿ, ಸುಮ್ಮನಿರಿ ಎಂಬುದನ್ನಂತೂ ಖಂಡಿತ ಕೇಳಬೇಡಿ. ನಡಿಗೆ, ಕೈಬೆರಳಿನ ಕೆಲಸ, ಮಾತು, ಗ್ರಹಿಕೆ, ಬೆರೆಯುವಿಕೆ ಇವುಗಳಲ್ಲಿ ಕನಿಷ್ಠ ಎರಡರಲ್ಲಾದರೂ ಐದು ವರ್ಷದೊಳಗಿನ ಮಗು ತನ್ನ ವಯಸ್ಸಿಗಿಂತ ಬಹಳ ಹಿಂದಿದ್ದರೆ ಈ ಹೆಸರು ಬರೆಯುತ್ತಾರೆ. ಅಷ್ಟು ಎಳೆಯ ಮಕ್ಕಳ ಐಕ್ಯೂ ಅಂಕಿಯನ್ನು ನೆಚ್ಚಿಕೊಳ್ಳಲಾಗದು. ಹಾಗಾಗಿ ಇದು ತಾತ್ಕಾಲಿಕ ಹೆಸರು. ಮಗು ಬೆಳೆದ ಮೇಲೆ ಮತ್ತೆ ತಪಾಸಣೆ ಆಗಲೇಬೇಕು. ಆಗ ಕೆಲವರಲ್ಲಿ ಬೌದ್ಧಿಕ ಅಸಾಮರ್ಥ್ಯ (ಬುದ್ಧಿಮಾಂದ್ಯ ಎಂದು ಹಿಂದೆ ಕರೆಯುತ್ತಿದ್ದುದು ಇದನ್ನೇ), ಕೆಲವರಲ್ಲಿ ಆಟಿಸಂ, ಕೆಲವರಲ್ಲಿ ಎರಡೂ ಕಾಣುತ್ತವೆ. ಓರಗೆಯವರನ್ನು ಸೇರಿಕೊಳ್ಳುವ ಮಕ್ಕಳೂ ಇದ್ದಾರೆ.

ಬೌದ್ಧಿಕ ಅಸಾಮರ್ಥ್ಯ ಎನ್ನಲು ಐಕ್ಯೂ ಸುಮಾರು 70ಕ್ಕಿಂತ ಕೆಳಗಿದ್ದರೆ ಸಾಲದು. ಊಟ, ಉಡುಗೆ, ಹಣದ ಲೆಕ್ಕ, ಜನರೊಡನೆ ಒಡನಾಟ ಇಂಥ ದಿನನಿತ್ಯದ ಕೌಶಲಗಳೂ ಹಿಂದುಳಿದಿರಬೇಕು. ಅದು ಬೆಳೆಯುವ ವಯಸ್ಸಿನಲ್ಲೇ ಶುರುವಾಗಿರಬೇಕು. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿ ಸೌಮ್ಯವೇ, ತೀವ್ರವೇ ಎಂಬುದನ್ನು ಅಳೆಯುವುದು ಈ ಕೌಶಲಗಳಿಂದ, ಐಕ್ಯೂ ಅಂಕಿಯಿಂದಲ್ಲ. ಇದು ಬಹಳ ಒಳ್ಳೆಯ ಬದಲಾವಣೆ ಎಂದು ನನ್ನ ದೃಢ ಅಭಿಪ್ರಾಯ. ಅಂಕಿಗೆ ಪಾಠ ಹೇಳಿಕೊಡಲು ಬರುವುದಿಲ್ಲ, ಗುಂಡಿ ಹಾಕುವುದನ್ನು ಹೇಳಿಕೊಡಬಹುದು.

ಅದನ್ನು ನಾವು ಕೊನೆಯಿಂದ ಕಲಿಸುತ್ತೇವೆ. ದೊಡ್ಡ ಗುಂಡಿಯ ಅಂಗಿ ತೆಗೆದುಕೊಳ್ಳಿ. ಗುಂಡಿಯನ್ನು ಅರ್ಧದವರೆಗೆ ನೀವೇ ತೂರಿಸಿ, ಹೊರಗೆ ಇಣುಕಿದ ಅಂಚನ್ನು ಮಗು ಎಳೆಯಲಿ. ಮುಗಿಸಿದ ಖುಷಿ ಅವನದಾಗುತ್ತದೆ. ಅದು ಸಲೀಸಾದ ಮೇಲೆ ತೂರಿಸುವುದನ್ನೂ ಅವನಿಗೇ ಬಿಡಿ.

ಇನ್ನು ಬೆಳವಣಿಗೆಯ ಅಸಾಮರ್ಥ್ಯ ಎಂಬ ಮಾತೂ ನಿಮ್ಮ ಕಿವಿಗೆ ಬೀಳಬಹುದು, ಅದು ಬೌದ್ಧಿಕ ಅಸಾಮರ್ಥ್ಯ, ಆಟಿಸಂ ಇವೆಲ್ಲ ಸೇರಿದ ದೊಡ್ಡ ಗುಂಪು. ಸೆರೆಬ್ರಲ್ ಪಾಲ್ಸಿಯೂ ಅದರಲ್ಲೇ ಬರುತ್ತದೆ. ಆದರೆ ಸೆರೆಬ್ರಲ್ ಪಾಲ್ಸಿ ಚಲನೆಯ ತೊಂದರೆ. ಅದಿರುವ ಎಷ್ಟೋ ಮಕ್ಕಳ ಬುದ್ಧಿಗೆ ಏನೂ ಆಗಿರುವುದಿಲ್ಲ.

ಉತ್ತರ (ಶ್ರವಣ ತಜ್ಞ):
ಕಿವಿಯ ಪರೀಕ್ಷೆ ಆಗಿದೆಯೇ? ಬಾಗಿಲು ಬಡಿದರೆ ತಿರುಗಿ ನೋಡುತ್ತಾನೆ ಎಂದು ಬಿಟ್ಟುಬಿಡಬೇಡಿ. ಅಂಥ ದಪ್ಪ ಸದ್ದು ಕೇಳಿಸುವ ಮಗುವಿಗೂ ‘ಸ’, ‘ಶ’ಗಳಂಥ ತೆಳು ಧ್ವನಿಗಳು ಕೇಳಿಸದಿರಬಹುದು. ಆಗ ಮಾತು ಹಿಂದುಳಿಯುತ್ತದೆ. ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದೂ ವೈದ್ಯರನ್ನು ಕೇಳಿ. ಚಿಕಿತ್ಸೆ ಇರುವ ಕಾರಣವೊಂದು ಕಣ್ತಪ್ಪಬಾರದು.

ಮಗುವಿನ ತಾಯಿ:
ಇಬ್ಬರಿಗೂ ಧನ್ಯವಾದ. ಕಿವಿಯ ಪರೀಕ್ಷೆ ಆಗಿಲ್ಲ, ಈ ವಾರವೇ ಮಾಡಿಸುತ್ತೇನೆ. ಅಂತಿಮ ಹೆಸರು ಗೊತ್ತಾಗುವವರೆಗೆ ಥೆರಪಿಗೆ ಕಾಯಬೇಕೇ?

ವಿಶೇಷ ಶಿಕ್ಷಕಿ:
ಬೇಡವೇ ಬೇಡ. ಹೆಸರು ಯಾವಾಗಲಾದರೂ ಬರಲಿ, ಮಾತಿನ ಥೆರಪಿಯೂ ಕೈಬೆರಳಿನ ಅಭ್ಯಾಸವೂ ಈಗಲೇ ಶುರುವಾಗಲಿ. ಅವನು ಈಗ ತಾನಾಗಿಯೇ ಏನೇನು ಮಾಡುತ್ತಾನೆ ಎಂಬುದನ್ನು ಬರೆದುಕೊಂಡು ಹೋಗಿ. ಥೆರಪಿಸ್ಟ್ ಮೊದಲು ಕೇಳುವುದು ಅದನ್ನೇ.