ಫೋಲ್ಡಿಂಗ್ ಕ್ಯಾಮೆರಾ: ಬೆಳಕಿನ ಸೋರಿಕೆ, ಮಸುಕು ಫೋಕಸ್

ಪ್ರಶ್ನೆ: 1950ರ ದಶಕದ 6×6 (ಸೆಂ.ಮೀ. ಚೌಕ ಫ್ರೇಮಿನ) ಫೋಲ್ಡಿಂಗ್ ಕ್ಯಾಮೆರಾ, 120 ಫಿಲ್ಮ್ (ಅಗಲದ ರೋಲ್ ಫಿಲ್ಮ್). ಪ್ರಿಂಟಿನಲ್ಲಿ ಬಿಳಿ ಮಂಜಿನಂಥ ಕಲೆಗಳು. ಕೆಲವು ಫ್ರೇಮುಗಳಲ್ಲಿ ಫೋಕಸ್ಸೂ ಮಸುಕು. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಮೊದಲು ಬೆಲ್ಲೋಸ್ (ಲೆನ್ಸಿಗೂ ಕ್ಯಾಮೆರಾಗೂ ನಡುವಿನ ಮಡಚುವ ಕಪ್ಪು ಚೀಲ) ನೋಡಿ. ಫಿಲ್ಮ್ ತೆಗೆದು, ಕತ್ತಲೆ ಕೋಣೆಯಲ್ಲಿ ಚಿಕ್ಕ ಎಲ್‌ಇಡಿ ಟಾರ್ಚನ್ನು ಒಳಗೆ ಹಿಡಿದು ಪ್ರತಿ ಮಡಿಕೆಯನ್ನೂ ಪರೀಕ್ಷಿಸಿ. ತೂತು ಬೀಳುವುದು ಹೆಚ್ಚಾಗಿ ಮೂಲೆಗಳಲ್ಲೇ. ಆಗ್ಫಾ ಐಸೊಲೆಟ್ ಎಂಬ ಫೋಲ್ಡಿಂಗ್ ಕ್ಯಾಮೆರಾಗಳಲ್ಲಂತೂ ಇದು ಮಾಮೂಲು. ಕಪ್ಪು ಫ್ಯಾಬ್ರಿಕ್ ಪೇಂಟನ್ನು ಹೊರಗಿನಿಂದ ತೆಳ್ಳಗೆ ಹಚ್ಚಿ, ಬೆಲ್ಲೋಸ್ ಚಾಚಿಟ್ಟೇ ಒಂದು ದಿನ ಒಣಗಿಸಿ. ದಪ್ಪ ಹಚ್ಚಿದರೆ ಮಡಚಿದಾಗ ಅಂಟಿಕೊಂಡು ಕಿತ್ತುಬರುತ್ತದೆ. ಹತ್ತಾರು ತೂತುಗಳಿದ್ದರೆ ತೇಪೆ ಬೇಡ, ಬೆಲ್ಲೋಸನ್ನೇ ಬದಲಿಸಿ.

ಉತ್ತರ 2: ಫೋಕಸ್ಸಿನ ಕಾರಣ ಬೇರೆ ಇರಬಹುದು. ಕ್ಯಾಮೆರಾ ಫಟ್ಟನೆ ತೆರೆದರೆ ಬೆಲ್ಲೋಸ್ ಗಾಳಿ ಎಳೆದು ಫಿಲ್ಮ್ ಮುಂದಕ್ಕೆ ಉಬ್ಬುತ್ತದೆ. ಬಾಗಿಲಿಗೆ ಕೈ ಕೊಟ್ಟು ನಿಧಾನವಾಗಿ ತೆರೆಯಿರಿ. ತೆರೆದ ಮೇಲಷ್ಟೇ ಫಿಲ್ಮ್ ಸುತ್ತಿ, ಆಗ ಅದು ಬಿಗಿಯಾಗುತ್ತದೆ. ಅಪರ್ಚರ್ (ಲೆನ್ಸಿನ ಬೆಳಕಿನ ರಂಧ್ರ) ಎಫ್/8 ಅಥವಾ ಎಫ್/11 ಇಟ್ಟರೆ ಈ ಲೆನ್ಸುಗಳ ಸೊಗಸೇ ಬೇರೆ!

ಉತ್ತರ 3: ಫ್ರೇಮ್ ಅಂಕಿ ನೋಡುವ ಹಿಂಬದಿಯ ಕೆಂಪು ಕಿಟಕಿಯನ್ನೂ ಗಮನಿಸಿ. ಪ್ಯಾನ್‌ಕ್ರೊಮ್ಯಾಟಿಕ್ (ಎಲ್ಲ ಬಣ್ಣದ ಬೆಳಕನ್ನೂ ಗ್ರಹಿಸುವ) ಫಿಲ್ಮಿಗೆ ಕೆಂಪು ಬೆಳಕೂ ತಾಗುತ್ತದೆ. ನೆರಳಲ್ಲಿ ಸುತ್ತಿ, ಅಂಕಿ ಕಂಡ ಕೂಡಲೇ ಮುಚ್ಚಿಬಿಡಿ.