ಕ್ಯಾಲೊರಿ ಲೆಕ್ಕ ಇಡೋದಾ, ಒಳ್ಳೆ ಊಟ ನೋಡೋದಾ? ಜಿಮ್ ಮಾಡೋರು ಅನುಭವ ಹೇಳಿ

ಎಲ್ರಿಗೂ ನಮಸ್ಕಾರ. ಶಿವಮೊಗ್ಗ ವಿನೋಬನಗರದಲ್ಲಿ ರೂಮ್ ಮಾಡ್ಕೊಂಡಿದೀನಿ, ವಯಸ್ಸು 23, ತೂಕ 64 ಕೆಜಿ, ಜಿಮ್‌ಗೆ ಸೇರಿ ಎಂಟು ತಿಂಗಳಾಯ್ತು. ಒಬ್ಬ ಕೋಚ್ ದಿನಕ್ಕೆ 2,800 ಕ್ಯಾಲೊರಿ ಮುಟ್ಟಿಸು ಏನ್ ತಿಂದ್ರೂ ನಡೆಯುತ್ತೆ ಅಂತಾರೆ, ಇನ್ನೊಬ್ರು ಲೆಕ್ಕ ಬಿಡು, ಮನೆ ಊಟ ತಿನ್ನು, ಮೈ ತಾನಾಗೇ ಬರುತ್ತೆ ಅಂತಾರೆ. ಯಾರ ಮಾತು ಕೇಳ್ಲಿ?

ತೀರ್ಥಹಳ್ಳಿಯಿಂದ:
ತಮ್ಮಾ, ನಾನು ಎರಡೂ ಮಾಡಿ ಎರಡ್ರಲ್ಲೂ ಪೆಟ್ಟು ತಿಂದಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ನಿನ್ನ ವಯಸ್ಸಲ್ಲಿ ಜಿಮ್ ಮುಗಿಸಿ ಸೀದಾ ಬೇಕರಿಗೆ ಹೋಗಿ ಎಗ್ ಪಫ್, ಬೆಣ್ಣೆ ಬಿಸ್ಕೆಟ್, ಬಾದಾಮಿ ಹಾಲು, ಕ್ಯಾಲೊರಿ ಲೆಕ್ಕದ ಆಪ್‌ನಲ್ಲಿ ನಂಬರ್ ಕರೆಕ್ಟಾಗೇ ಬರ್ತಿತ್ತು, ಐದು ತಿಂಗಳಲ್ಲಿ 9 ಕೆಜಿ ಏರಿದೆ, ಆದ್ರೆ ಸ್ಕ್ವಾಟ್‌ನಲ್ಲಿ (ಭಾರ ಹೊತ್ತು ಕೂತು ಏಳೋದು) ಎತ್ತೋ ತೂಕ ಇದ್ದಲ್ಲೇ ಇತ್ತು, ಪ್ಯಾಂಟ್ ಮಾತ್ರ 30ರಿಂದ 34 ಆಯ್ತು. ಪ್ರೋಟೀನ್ ದಿನಕ್ಕೆ 60 ಗ್ರಾಂ ಸಹ ಆಗ್ತಿರ್ಲಿಲ್ಲ, ಅದನ್ನ ನಾನು ನೋಡ್ತಾನೇ ಇರ್ಲಿಲ್ಲ. ಆಮೇಲೆ ರೋಸಿ ಹೋಗಿ ಆಪ್ ತೆಗೆದು ಹಾಕಿ ಮನೆ ಊಟ ಮಾತ್ರ ಅಂತ ಕೂತೆ. ಅಕ್ಕಿ ರೊಟ್ಟಿ ಮೇಲೆ ತುಪ್ಪ, ಪಲ್ಯಕ್ಕೆ ಕೈ ತುಂಬ ಕಾಯಿತುರಿ, ಮಧ್ಯೆ ಮಧ್ಯೆ ಗೋಡಂಬಿ. ಮೂರು ತಿಂಗಳಲ್ಲಿ ಒಂದು ಕೆಜಿ ಇಳೀಲಿಲ್ಲ. ಒಂದು ದೊಡ್ಡ ಚಮಚ ತುಪ್ಪಕ್ಕೆ ಹತ್ತಿರ ಹತ್ತಿರ 120 ಕ್ಯಾಲೊರಿ, 100 ಗ್ರಾಂ ಹಸಿ ಕಾಯಿಗೆ 350, ಮನೇದಾದ್ರೂ ಅಷ್ಟೇ.

ಅಮೆರಿಕದಲ್ಲಿ ಮಾರ್ಕ್ ಹಾಬ್ ಅಂತ ಪ್ರೊಫೆಸರು 2010ರಲ್ಲಿ ಹತ್ತು ವಾರ ಹೆಚ್ಚಾಗಿ ಕ್ರೀಮ್ ಕೇಕು ಚಿಪ್ಸೇ ತಿಂದು, ಜೊತೆಗೆ ಪ್ರೋಟೀನ್ ಶೇಕು ವಿಟಮಿನ್ ಮಾತ್ರೆ ತಗೊಂಡು, ದಿನಕ್ಕೆ 1,800 ಕ್ಯಾಲೊರಿ ಆಸುಪಾಸಲ್ಲೇ ಇದ್ದು ಸುಮಾರು 12 ಕೆಜಿ ಇಳಿಸಿದ್ರು. ಹಂಗಂತ ಮೊದಲನೇ ಕೋಚೇ ಸರಿ ಅನ್ಬೇಡ. 2019ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ ತಂಡ 20 ಜನಕ್ಕೆ ಎರಡು ವಾರ ಪ್ಯಾಕೆಟ್ ತರದ ಊಟ, ಎರಡು ವಾರ ಸಾದಾ ಊಟ ಕೊಟ್ಟು ಬೇಕಾದಷ್ಟು ತಿನ್ನಿ ಅಂದಾಗ, ಪ್ಯಾಕೆಟ್ ಊಟದಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಒಳಗೆ ಹೋಗಿತ್ತು. ತೂಕ ಏರೋದು ಇಳಿಯೋದು ಕ್ಯಾಲೊರಿಯಿಂದಾನೇ, ಆದ್ರೆ ಹೊಟ್ಟೆ ಸಾಕು ಅನ್ನೋದು ಯಾವಾಗ, ಏರಿದ ತೂಕ ಮಾಂಸಖಂಡಕ್ಕೆ ಹೋಗುತ್ತಾ ಹೊಟ್ಟೆಗೆ ಹೋಗುತ್ತಾ ಅನ್ನೋದ್ರಲ್ಲಿ ಏನ್ ತಿಂತೀಯ ಅನ್ನೋದೂ ಸೇರುತ್ತೆ.

ನೀನು ಮೂರು ವಾರ ತಕ್ಕಡಿ ಇಟ್ಕೊಂಡು ಎಲ್ಲಾ ತೂಗು, ಕಣ್ಣಳತೆ ಬರ್ಲಿ ಅಂತ, ಜೀವನಪೂರ್ತಿ ಅಲ್ಲ. ಪ್ರೋಟೀನ್ ದಿನಕ್ಕೆ ಮೈತೂಕದ ಕೆಜಿಗೆ 1.6ರಿಂದ 2.2 ಗ್ರಾಂ, ಅಂದ್ರೆ ನಿಂಗೆ 100ರಿಂದ 140. ಒಂದು ಮೊಟ್ಟೆಗೆ ಆರೇ ಗ್ರಾಂ, ನೆನಪಿರ್ಲಿ. ವಾರಕ್ಕೆ ಕಾಲು ಕೆಜಿ ಏರಿದ್ರೆ ಸಾಕು, ಅದಕ್ಕಿಂತ ಅವಸರ ಬೇಡ.

ಸಾಗರದಿಂದ:
ತಮ್ಮ, ನಾವು ಸಸ್ಯಾಹಾರಿಗಳು, ನನ್ನ ತಪ್ಪು ಬೇರೆ ತರದ್ದು. ಹುರುಳಿ ಕಟ್ಟಿನ ಸಾರು ದಿನಾ ಎರಡು ಲೋಟ ಕುಡಿದು ಪ್ರೋಟೀನ್ ಆಯ್ತು ಅಂದ್ಕೊಂಡಿದ್ದೆ. 100 ಗ್ರಾಂ ಹುರುಳಿಯಲ್ಲಿ 22 ಗ್ರಾಂ ಹತ್ರ ಇದೆ ನಿಜ, ಆದ್ರೆ ಅದ್ರಲ್ಲಿ ಹೆಚ್ಚಿನದು ಕಾಳಲ್ಲೇ ಉಳಿಯುತ್ತೆ, ಆ ಕಾಳನ್ನ ನಮ್ಮನೇಲಿ ಎಮ್ಮೆಗೆ ಹಾಕ್ತಿದ್ರು! ಈಗ ಕಾಳು ಪಲ್ಯ ಮಾಡ್ಕೊಂಡು ತಿಂತೀನಿ, ಜೊತೆಗೆ ಮೊಸರು, ಸೋಯಾ ಚಂಕ್ಸ್. ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತೋದು) ಆರು ತಿಂಗಳಲ್ಲಿ 40ರಿಂದ 65 ಕೆಜಿ ಆಯ್ತು.

ಕೊಪ್ಪದಿಂದ:
ಒಂದ್ ಮಾತು ಸೇರಿಸ್ತೀನಿ. ಅಡಿಕೆ ಕೊಯ್ಲಲ್ಲಿ ಗೊನೆ ಹೊತ್ತು, ರಾತ್ರಿ ಸುಲಿಯೋಕೆ ಕೂತಾಗ ಆಪ್ ಹೇಳಿದ 2,800 ನಂಗೆ ಸಾಕಾಗ್ಲಿಲ್ಲ, ತೂಕ ಇಳೀತು. ನಂಬರ್ ಅಂದಾಜು ಅಷ್ಟೇ, ವಾರದ ತೂಕ ನೋಡಿ ಬದಲಾಯಿಸ್ಕೋ.

ಕೇಳಿದವನು:
ತುಂಬಾ ಥ್ಯಾಂಕ್ಸ್ ಅಣ್ಣ, ಅಕ್ಕ. ನಾಳೆನೇ ತಕ್ಕಡಿ ತಗೋತೀನಿ. ಅನ್ನ ಬೇಯಿಸಿದ್ಮೇಲೆ ತೂಗ್ಬೇಕಾ, ಅಕ್ಕಿನಾ?

ತೀರ್ಥಹಳ್ಳಿಯಿಂದ:
ಅಕ್ಕಿ ತೂಗು. 100 ಗ್ರಾಂ ಅಕ್ಕಿ 350 ಕ್ಯಾಲೊರಿ, ಅದೇ 100 ಗ್ರಾಂ ಅನ್ನ ಆದ್ರೆ 130. ಆಪ್‌ನಲ್ಲಿ ಯಾವ್ದು ಆರಿಸ್ತಿದೀಯ ಅಂತ ಎರಡು ಸಲ ನೋಡು, ನಾನು ಒಂದು ತಿಂಗಳು ಅದನ್ನೇ ತಪ್ಪು ಬರ್ಕೊಂಡಿದ್ದೆ.