‘ಮೇಲುಸಿರು’ ಎಂದು ಬರೆಯಬಹುದೇ?

ನಮಸ್ಕಾರ. ನಮ್ಮೂರಿನವರಿಗಾಗಿ ಪ್ರಥಮ ಚಿಕಿತ್ಸೆಯ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಒಂದೇ ಒಂದು ಪದಕ್ಕೆ ವಾರದಿಂದ ಒದ್ದಾಡುತ್ತಿದ್ದೇನೆ.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ ಎಂಬುದನ್ನು ಹೇಗೋ ಬಿಡಿಸಿ ಬರೆದೆ. ಮೊದಲನೆಯದರಲ್ಲಿ ರಕ್ತನಾಳ ಕಟ್ಟಿಕೊಂಡಿರುತ್ತದೆ. ಸಾಮಾನ್ಯವಾಗಿ ರೋಗಿಗೆ ಎಚ್ಚರವಿರುತ್ತದೆ, ‘ಎದೆ ಹಿಂಡ್ತಿದೆ’ ಎಂದು ಅವರೇ ಹೇಳುತ್ತಾರೆ. ಎರಡನೆಯದರಲ್ಲಿ ರಕ್ತ ಹರಿಯುವುದೇ ನಿಂತು ಮನುಷ್ಯ ಕುಸಿದು ಬೀಳುತ್ತಾನೆ. ಪತ್ರಿಕೆಗಳು ಎರಡಕ್ಕೂ ‘ಹೃದಯಾಘಾತ’ ಎಂದೇ ಬರೆಯುವುದರಿಂದ ಇಷ್ಟು ವಿವರಣೆ ಬೇಕಾಯಿತು.

ತೊಡಕಿರುವುದು ಉಸಿರಿನಲ್ಲಿ. ಹೃದಯ ನಿಂತ ಮೇಲೂ ಮೊದಲ ಕೆಲವು ನಿಮಿಷ ಹಲವರ ಗಂಟಲಲ್ಲಿ ಬಿಟ್ಟು ಬಿಟ್ಟು ಗೊರ ಗೊರ ಸದ್ದು ಬರುತ್ತದೆ, ದವಡೆ ಅಲುಗುತ್ತದೆ. ಅದು ಬದುಕಿಸುವ ಉಸಿರಲ್ಲ. ‘ಉಸಿರಾಡದಿದ್ದರೆ ಎದೆ ಒತ್ತಿ’ ಎಂದು ಬರೆದರೆ, ಆ ಸದ್ದು ಕೇಳಿದವರು ‘ಉಸಿರಿದೆಯಲ್ಲ’ ಎಂದು ಸುಮ್ಮನಾಗಿಬಿಡುತ್ತಾರೆ.

ಏದುಸಿರು ಓಡಿಬಂದವರದು, ನಿಟ್ಟುಸಿರು ನೊಂದವರದು. ಇದಕ್ಕೆ ನಮ್ಮ ಕಡೆ ಇರುವ ಪದ ‘ಮೇಲುಸಿರು’. ಆಯುರ್ವೇದ ಹೇಳುವ ಐದು ಬಗೆಯ ಶ್ವಾಸರೋಗಗಳಲ್ಲೂ ‘ಊರ್ಧ್ವಶ್ವಾಸ’ ಎಂಬುದಿದೆ. ಅದು ‘ಅಸಾಧ್ಯ’, ಅಂದರೆ ವಾಸಿಯಾಗದ ರೋಗಗಳ ಸಾಲಿನದು. ನನ್ನ ಭಯವೂ ಅದೇ. ದೊಡ್ಡಪ್ಪ ಜಗುಲಿಯಲ್ಲಿ ಕುಸಿದಾಗ ಹಿರಿಯರೊಬ್ಬರು ‘ಮೇಲುಸಿರು ಬಂತು, ತುಳಸಿ ನೀರು ತನ್ನಿ’ ಎಂದರು. ಎಂಟು ಹತ್ತು ಜನ ಸುತ್ತ ಇದ್ದೆವು. ಒಬ್ಬರೂ ಎದೆ ಮುಟ್ಟಲಿಲ್ಲ. ಬಾಯಿಗೆ ನೀರು ಬಿಟ್ಟೆವು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬಿಡಬಾರದೆಂಬುದು ನನಗೆ ಆಮೇಲೆ ತಿಳಿಯಿತು. ಮೇಲುಸಿರು ಎಂದೊಡನೆ ‘ಮುಗಿಯಿತು’ ಎಂದೇ ಅರ್ಥ ಮಾಡಿಕೊಳ್ಳುವ ಓದುಗರಿಗೆ, ಇದು ಶುರು ಮಾಡಬೇಕಾದ ಹೊತ್ತು ಎಂದು ಅದೇ ಪದದಿಂದ ಹೇಳಲು ಬರುತ್ತದೆಯೇ?

‘ಒತ್ತು’ ಎಂಬುದರ ಬಗೆಗೂ ಅನುಮಾನವಿದೆ. ನಾವು ಕಾಲು ಒತ್ತುತ್ತೇವೆ, ಮೆತ್ತಗೆ. ಇಲ್ಲಿ ಬೇಕಿರುವುದು ಎದೆಯ ನಡುವೆ ಅಂಗೈ ಬುಡವಿಟ್ಟು, ಕನಿಷ್ಠ 5 ಸೆಂ.ಮೀ. ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ. ಅದಕ್ಕೇ ‘ಅದುಮಿ’ ಎಂದು ಬದಲಿಸಿದೆ.

ಸದ್ಯಕ್ಕೆ ಸಾಲು ಹೀಗಿದೆ: ‘ಕರೆದರೆ, ಭುಜ ತಟ್ಟಿದರೆ ಎಚ್ಚರಾಗದೆ, ಉಸಿರಿಲ್ಲದಿದ್ದರೆ ಅಥವಾ ಮೇಲುಸಿರು ಮಾತ್ರ ಇದ್ದರೆ, 108ಕ್ಕೆ ಫೋನ್ ಮಾಡಿಸಿ, ಕೂಡಲೇ ಎದೆ ಅದುಮಲು ಶುರು ಮಾಡಿ.’

ಧಾರವಾಡ, ಕಲಬುರಗಿ, ಕರಾವಳಿಯ ಕಡೆ ಈ ಉಸಿರಿಗೆ ಏನೆನ್ನುತ್ತೀರಿ? ಸಾವಿನ ನೆರಳಿಲ್ಲದ ಪದವಿದ್ದರೆ ದಯವಿಟ್ಟು ತಿಳಿಸಿ.